ಕೋತಿಗಳ ಸ್ಥಳಾಂತರಕ್ಕೆ ಅರ್ಜಿ ಸಲ್ಲಿಸುವ ಮುನ್ನ: ರಾಜ್ಯದ ವಾನರ ಪ್ರಭೇದಗಳ ಸಂರಕ್ಷಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಗ್ರಾಮಗಳಲ್ಲಿ ಹಾಗೂ ಪಟ್ಟಣಗಳಲ್ಲಿ ಕೋತಿಗಳ ಹಾವಳಿಯಿಂದ ಬೇಸತ್ತ ಸಾರ್ವಜನಿಕರು ಅವುಗಳನ್ನು ಹಿಡಿಸಿ ಕಾಡಿಗೆ ಬಿಡಬೇಕೆಂದು ಕೋರಿ ಅರಣ್ಯ ಇಲಾಖೆಗೂ ಸ್ಥಳೀಯ ಸಂಸ್ಥೆಗಳಿಗೂ ಮನವಿ ಸಲ್ಲಿಸುವುದು ವಾಡಿಕೆಯಾಗಿದೆ. ಮನವಿಯಲ್ಲಿ ಹೇಳಲಾಗುವ ತೊಂದರೆ ಬಹುಪಾಲು ನಿಜವಾದದ್ದೇ ಆಗಿರುತ್ತದೆ. ಆದರೆ ಕೋರಲಾಗುವ ಪರಿಹಾರವು ಕಾನೂನಿನ ದೃಷ್ಟಿಯಿಂದಲೂ ಅರಣ್ಯದ ಹಿತದೃಷ್ಟಿಯಿಂದಲೂ ಸರಳವಾದುದಲ್ಲ. ಅರ್ಜಿದಾರರು ಇದರ ಹಿನ್ನೆಲೆಯನ್ನು ಅರಿತು, ತಮಗೆ ನಿಜವಾಗಿ ಉಪಯೋಗವಾಗುವ ರೀತಿಯಲ್ಲಿ ಅರ್ಜಿ ಸಲ್ಲಿಸಲು ಅನುಕೂಲವಾಗಲೆಂದು ಈ ಲೇಖನವನ್ನು ಪ್ರಕಟಿಸಲಾಗಿದೆ.

ಉದಾಹರಣೆಗೆ, ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ರೈತರೊಬ್ಬರು ಇಂತಹ ಅರ್ಜಿ ಸಲ್ಲಿಸುತ್ತಾರೆಂದು ಭಾವಿಸೋಣ. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಈ ಗ್ರಾಮವು ಭದ್ರಾ ಅಚ್ಚುಕಟ್ಟಿನ ಸೀಮೆಗೆ ಸೇರಿದ್ದು, ಸುತ್ತಲೂ ಭತ್ತದ ಗದ್ದೆ, ಕಬ್ಬು, ತೆಂಗು, ಅಡಿಕೆ. ಹತ್ತಿರದಲ್ಲಿ ದಟ್ಟವಾದ ಕಾಡಿಲ್ಲ. ಇಂತಹ ಬಯಲುಸೀಮೆಯ ಊರಿನಲ್ಲಿ ಎಳನೀರು ಕಿತ್ತು ಕೆಡವುವ, ಹೆಂಚು ಸರಿಸುವ, ಹಿತ್ತಲಿನ ಸೀಬೆ-ಪಪ್ಪಾಯಿ ಉಳಿಸದ ಕೋತಿಗಳನ್ನು ಕಂಡಾಗ ಅವು ಎಲ್ಲಿಂದಲೋ ಬಂದವು, ಅಲ್ಲಿಗೇ ಹೋಗಲಿ ಎಂಬ ಭಾವನೆ ಬರುವುದು ಸಹಜ. ಕೋತಿ ಕಾಡಿನ ಪ್ರಾಣಿ, ಊರಿಗೆ ತಪ್ಪಿ ಬಂದಿದೆ, ಹಿಡಿದು ಕಾಡಿಗೆ ಬಿಟ್ಟರೆ ಎರಡು ಕಡೆಗೂ ಒಳಿತು ಎಂಬ ಈ ತಿಳಿವಳಿಕೆಯಲ್ಲಿಯೇ ಮುಖ್ಯವಾದ ದೋಷವಿದೆ.

ರಾಜ್ಯದ ವಾನರ ಪ್ರಭೇದಗಳು

ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಾಣಸಿಗುವ ವಾನರಗಳು ಎರಡು. ಕೆಂಪು ಮಿಶ್ರಿತ ಕಂದು ಮೈಯ, ತಲೆಯ ಮೇಲೆ ಕೂದಲು ಬೈತಲೆ ತೆಗೆದಂತೆ ಸುತ್ತಲೂ ಹರಡಿರುವ ಕೋತಿ ಅಥವಾ ಮಂಗ ಒಂದು. ಕಪ್ಪು ಮುಖದ, ಉದ್ದ ಬಾಲದ, ಬೂದು ಬಣ್ಣದ ಮುಸುವ ಇನ್ನೊಂದು. ಇವಲ್ಲದೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಮಾತ್ರ ಇರುವ ಸಿಂಗಳೀಕ, ಕೊಡಗಿನ ಕಾಡುಗಳಲ್ಲಿರುವ ನೀಲಗಿರಿ ಮುಸುವ ಹಾಗೂ ರಾತ್ರಿ ಸಂಚರಿಸುವ ಕಾಡುಪಾಪ ನಮ್ಮ ರಾಜ್ಯದಲ್ಲಿವೆ. ಕೆಲವು ಕಡೆ ಮುಸುವವನ್ನೇ ಸಿಂಗಳೀಕವೆಂದು ಕರೆಯುವುದುಂಟು. ಅರ್ಜಿಯಲ್ಲಿ ಹೀಗೆ ಬರೆದರೆ ಅನಗತ್ಯ ಗೊಂದಲವಾಗುತ್ತದೆ. ದಾವಣಗೆರೆ, ಹರಿಹರ ಭಾಗದಲ್ಲಿ ಸಿಂಗಳೀಕವಿಲ್ಲ.

ಕಾಡುಪಾಪದ ಬಗ್ಗೆ ಒಂದು ಮಾತು. ಅಂಗೈಯಗಲದ ದೇಹ, ದೊಡ್ಡ ದುಂಡು ಕಣ್ಣು, ಬಾಲವಿಲ್ಲದ ಈ ಪ್ರಾಣಿ ತುಮಕೂರು ಜಿಲ್ಲೆಯ ಕುರುಚಲು ಕಾಡು, ಬೇಲಿಸಾಲು, ತೋಪುಗಳಲ್ಲಿಯೂ ಬೆಂಗಳೂರಿನ ಹಳೆಯ ಮರಗಳಿರುವ ಆವರಣಗಳಲ್ಲಿಯೂ ಉಳಿದುಕೊಂಡಿದೆ. ಕೀಟಗಳನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುವ ಇದನ್ನು ಮಾಟ-ಮಂತ್ರದ ಮೂಢನಂಬಿಕೆಗಾಗಿ ಹಿಡಿದು ಹಿಂಸಿಸುವ ಪ್ರಕರಣಗಳು ನಡೆದಿವೆ. ನೆರೆಯ ತಮಿಳುನಾಡು ಸರ್ಕಾರವು 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ ಕಡವೂರು ಪ್ರದೇಶದಲ್ಲಿ ಇದಕ್ಕಾಗಿಯೇ ದೇಶದ ಮೊದಲ ಅಭಯಾರಣ್ಯವನ್ನು ಘೋಷಿಸಿತು.

ಕೋತಿಗಳ ಸಂಖ್ಯೆ ಹೆಚ್ಚಿದೆಯೇ?

ಸಾರ್ವಜನಿಕರಲ್ಲಿ ಬಹುತೇಕರ ಉತ್ತರ ‘ಹೌದು’ ಎಂದೇ ಇರುತ್ತದೆ. ಅಧ್ಯಯನಗಳು ಹೇಳುವುದು ಬೇರೆ.

ನಮ್ಮ ಕೋತಿ ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಪ್ರಭೇದ. ಜಗತ್ತಿನ ಬೇರೆಲ್ಲಿಯೂ ಇದರ ಸಹಜ ನೆಲೆಯಿಲ್ಲ. ಉತ್ತರ ಭಾರತದಲ್ಲಿ ಕಾಣುವ, ಚಿಕ್ಕ ಬಾಲದ ಕೆಂಪು ಮುಖದ ರೀಸಸ್ ಕೋತಿ ಬೇರೆಯೇ ಪ್ರಭೇದವಾಗಿದ್ದು, ಅದು ಗೋದಾವರಿಯನ್ನು ದಾಟಿ ದಕ್ಷಿಣಕ್ಕೆ ವ್ಯಾಪಿಸುತ್ತಾ ನಮ್ಮ ಕೋತಿಯ ಉತ್ತರದ ನೆಲೆಗಳನ್ನು ಆಕ್ರಮಿಸುತ್ತಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮೇವಾ ಸಿಂಗ್ ಮತ್ತು ಅವರ ಸಹಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈಸೂರು ಭಾಗದಲ್ಲಿ ಸಂರಕ್ಷಿತ ಅರಣ್ಯದ ಹೊರಗಿನ ಪ್ರದೇಶಗಳಲ್ಲಿ ಈ ಕೋತಿಗಳ ಸಂಖ್ಯೆ 25 ವರ್ಷಗಳ ಅವಧಿಯಲ್ಲಿ ಶೇಕಡಾ 65ಕ್ಕೂ ಹೆಚ್ಚು ಕುಸಿದಿದೆ. ಅಲ್ಲಿಯವರೆಗೆ ಆತಂಕವಿಲ್ಲದ ಪ್ರಾಣಿಗಳ ವರ್ಗದಲ್ಲಿದ್ದ ಕೋತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) 2020ರಲ್ಲಿ ಪ್ರಕಟಿಸಿದ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಿತು. ಅಂದರೆ, ಹುಲಿ-ಸಿಂಗಳೀಕಗಳಂತೆ ಅಳಿವಿನ ಅಂಚಿಗೆ ಬಂದಿಲ್ಲವಾದರೂ ಅದೇ ದಾರಿಯಲ್ಲಿ ಹೆಜ್ಜೆಯಿಟ್ಟಿದೆ ಎಂದರ್ಥ.

ಹಾಗಾದರೆ ಹೆಚ್ಚಾದಂತೆ ಕಾಣುವುದೇಕೆ? ಕಾರಣವು ರಸ್ತೆ ಬದಿಯಲ್ಲಿದೆ.

ಕೋತಿಯು ದಟ್ಟವಾದ ಕಾಡನ್ನೇ ನಂಬಿ ಬದುಕುವ ಪ್ರಾಣಿಯಲ್ಲ. ಹಿಂದಿನಿಂದಲೂ ಅದರ ಬಹುದೊಡ್ಡ ನೆಲೆಯಾಗಿದ್ದುದು ಸಾಲುಮರಗಳು, ಗುಂಡುತೋಪುಗಳು, ಕೆರೆ ಏರಿಯ ಮೇಲಿನ ಮರಗಳು, ದೇವಸ್ಥಾನದ ಅರಳಿಕಟ್ಟೆ ಮತ್ತು ಚಿತ್ರದುರ್ಗದ ಕೋಟೆಯಂತಹ ಕಲ್ಲುಬೆಟ್ಟಗಳು. ರಾಜಮಾರ್ಗದ ಎರಡೂ ಬದಿಗೆ ಆಲ, ಅರಳಿ, ಬಸರಿ, ಗೋಣಿ, ಅತ್ತಿ ಮರಗಳನ್ನು ನೆಡುವುದು ನಮ್ಮಲ್ಲಿ ಪುಣ್ಯದ ಕಾರ್ಯವಾಗಿತ್ತು. ಈ ಮರಗಳ ವಿಶೇಷವೆಂದರೆ ಅವೆಲ್ಲವೂ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದು ಮರದ ಹಣ್ಣು ಮುಗಿಯುವ ಹೊತ್ತಿಗೆ ಅರ್ಧ ಮೈಲು ದೂರದ ಇನ್ನೊಂದರಲ್ಲಿ ಹಣ್ಣು ಕೆಂಪೇರಿರುತ್ತದೆ. ಹೀಗೆ ವರ್ಷದ ಹೆಚ್ಚಿನ ದಿನಗಳಲ್ಲಿ ಕೋತಿಯ ಗುಂಪಿಗೆ ಊರಿನೊಳಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ. ರಾತ್ರಿ ತಂಗಲೂ ಅವೇ ಎತ್ತರದ ಮರಗಳು.

ಕಳೆದ ಮೂರು ದಶಕಗಳಲ್ಲಿ ರಾಷ್ಟ್ರೀಯ ಹೆದ್ದಾರಿಗಳು, ರಾಜ್ಯ ಹೆದ್ದಾರಿಗಳು ಅಗಲವಾದವು. ದಾವಣಗೆರೆ ಮತ್ತು ಹರಿಹರದ ಮೂಲಕ ಸಾಗುವ, ಹಿಂದೆ ನಾಲ್ಕನೆಯ ಸಂಖ್ಯೆಯದಾಗಿದ್ದು ಈಗ 48ನೆಯದಾಗಿರುವ ಹೆದ್ದಾರಿಯೂ ಅವುಗಳಲ್ಲೊಂದು. ರಸ್ತೆ ಅಗತ್ಯವಾಗಿತ್ತೆಂಬುದರಲ್ಲಿ ವಿವಾದವಿಲ್ಲ. ಆದರೆ ಮರ ಕಡಿದಾಗ ಅದರ ಮೇಲಿದ್ದ ಕೋತಿಗಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಯಾವ ಅಂದಾಜುಪಟ್ಟಿಯಲ್ಲಿಯೂ ಸೇರಿಸಿರಲಿಲ್ಲ. ಅವುಗಳಲ್ಲಿ ಅನೇಕವು ಸತ್ತವು, ಉಳಿದವು ಊರು ಸೇರಿದವು. ಐವತ್ತು ಮೈಲಿಯ ಸಾಲುಮರಗಳಲ್ಲಿ ಚದುರಿಹೋಗಿದ್ದಾಗ ಯಾರ ಕಣ್ಣಿಗೂ ಬೀಳದಿದ್ದ ಪ್ರಾಣಿ ಹತ್ತಾರು ಮನೆಗಳ ಛಾವಣಿಯ ಮೇಲೆ ಒಟ್ಟಾಗಿ ಕುಳಿತಾಗ ಬಹಳವೆಂದು ತೋರುತ್ತದೆ. ಒಟ್ಟು ಸಂಖ್ಯೆ ಇಳಿದಿದ್ದರೂ ತೊಂದರೆ ಏರಿದೆ. ಈ ಎರಡೂ ಏಕಕಾಲಕ್ಕೆ ನಿಜವಾಗಿರಬಲ್ಲವು ಎಂಬುದನ್ನು ಅರ್ಜಿದಾರರು ದಯವಿಟ್ಟು ಗಮನಿಸಬೇಕು.

ಇದಕ್ಕೆ ಪೂರಕವಾಗಿರುವುದು ನಾವೇ ಹಾಕುವ ಆಹಾರ. ಈ ಸೀಮೆಯಲ್ಲಿ ಹನುಮಪ್ಪನ ಗುಡಿಯಿಲ್ಲದ ಊರು ವಿರಳ. ಶನಿವಾರ ಬಾಳೆಹಣ್ಣು, ಕಡಲೆ, ಬಿಸ್ಕತ್ತು ನೀಡುವ ಕೈಗಳು ಅನೇಕ. ಭಕ್ತಿಯನ್ನು ಆಕ್ಷೇಪಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಕೈಯಿಂದ ಆಹಾರ ಪಡೆಯಲು ಕಲಿತ ಕೋತಿ, ಕೊಡದವರ ಕೈಯಿಂದ ಕಿತ್ತುಕೊಳ್ಳುವುದನ್ನೂ ಕಲಿಯುತ್ತದೆ. ಶನಿವಾರ ಹಣ್ಣು ನೀಡಿ ಸೋಮವಾರ ಬೋನು ತರಿಸಬೇಕೆಂದು ಅರ್ಜಿ ಕೊಡುವ ಗ್ರಾಮಗಳೂ ಇಲ್ಲದಿಲ್ಲ!

ಹಿಡಿದು ಕಾಡಿಗೆ ಬಿಟ್ಟರೆ ಆಗುವುದೇನು?

ಕೋತಿಗಳು ಗುಂಪಾಗಿ ಬಾಳುವ ಪ್ರಾಣಿಗಳು. ಹೆಣ್ಣುಕೋತಿಗಳು ತಾವು ಹುಟ್ಟಿದ ಗುಂಪಿನಲ್ಲಿಯೇ ಜೀವನಪೂರ್ತಿ ಉಳಿಯುತ್ತವೆ. ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಒಂದೆಡೆ ಇರುವ ಕುಟುಂಬವೆಂದೇ ಹೇಳಬಹುದು. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಗುಂಪು ಬದಲಿಸುವುದುಂಟು. ಸಾಮಾನ್ಯವಾಗಿ ಬೇಸಿಗೆಯ ಆರಂಭದ ತಿಂಗಳುಗಳಲ್ಲಿ ಒಂದೊಂದೇ ಮರಿ ಹುಟ್ಟುತ್ತದೆ. ಯಾವ ಮರದಲ್ಲಿ ಯಾವಾಗ ಹಣ್ಣು, ಯಾವ ಹೊಂಡದಲ್ಲಿ ಏಪ್ರಿಲ್‌ನಲ್ಲಿಯೂ ನೀರು ಎಂಬ ತಿಳಿವಳಿಕೆ ಗುಂಪಿನ ಹಿರಿಯ ಹೆಣ್ಣುಗಳಲ್ಲಿರುತ್ತದೆ.

ಬೋನಿಗೆ ಮೊದಲು ಬೀಳುವುವು ಸಾಮಾನ್ಯವಾಗಿ ಮರಿಗಳು ಮತ್ತು ಧೈರ್ಯದ ಎಳೆಯ ಕೋತಿಗಳು. ಇಡೀ ಗುಂಪು ಸಿಗುವುದು ಬಹಳ ಅಪರೂಪ. ಹೀಗಾಗಿ ಹಿಡಿಯುವ ಕಾರ್ಯವೆಂದರೆ ಗುಂಪನ್ನು ಒಡೆಯುವುದೇ ಆಗುತ್ತದೆ. ಊರಿನಲ್ಲಿ ಉಳಿದ ಕೋತಿಗಳು ಮೊದಲಿಗಿಂತ ಹೆಚ್ಚು ಅಂಜುತ್ತವೆ, ಹೆಚ್ಚು ಕೆರಳುತ್ತವೆ. ಕಾಡಿಗೆ ಹೋದವು ಗೊತ್ತಿಲ್ಲದ ಜಾಗದಲ್ಲಿ, ಬೇರೆ ಗುಂಪಿನ ಸರಹದ್ದಿನಲ್ಲಿ ಇಳಿಯುತ್ತವೆ. ಊರಿನ ಆಹಾರಕ್ಕೆ ಒಗ್ಗಿಹೋದ ಅವು ಕಾಡಂಚಿನ ಮೊದಲ ಹಳ್ಳಿಯನ್ನೇ ಹುಡುಕುತ್ತವೆ. ಅಲ್ಲಿನ ರೈತರು ಮತ್ತೆ ಅದೇ ಅರ್ಜಿಯನ್ನು ಬೇರೊಂದು ಕಚೇರಿಗೆ ಸಲ್ಲಿಸುತ್ತಾರೆ. ಇತ್ತ ಖಾಲಿಯಾದ ಊರಿನಲ್ಲಿ ಆಹಾರ ಹಾಗೆಯೇ ಇರುವುದರಿಂದ ನೆರೆಯ ಗುಂಪೊಂದು ಬಂದು ಸೇರುತ್ತದೆ. ಗ್ರಾಮ ಪಂಚಾಯಿತಿಯ ಹಣ ವ್ಯರ್ಥವಾಗುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೆರಡು ಅಪಾಯಗಳಿವೆ. ಒಂದು, ರೋಗ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣ್ಣೆಗಳ ಮೂಲಕ ಹರಡುತ್ತದೆ. ಕೋತಿ ಹಾಗೂ ಮುಸುವಗಳಿಗೆ ಸೋಂಕು ತಗುಲಿದರೆ ಅವು ಸಾಯುತ್ತವೆ. ಸತ್ತ ಪ್ರಾಣಿಯ ಮೈಯಿಂದ ಉದುರಿದ ಉಣ್ಣೆಗಳು ಸುತ್ತಲಿನ ನೆಲದಲ್ಲಿ ಹರಡಿ, ಸೌದೆ-ದರಗು ತರಲು ಹೋದವರನ್ನು ಕಚ್ಚುತ್ತವೆ. ಬಯಲುಸೀಮೆಯ ಕೋತಿಗಳನ್ನು ಲಾರಿಯಲ್ಲಿ ತುಂಬಿ ಮಲೆನಾಡಿನ ಕಾಡಿಗೆ ಬಿಡುವುದೆಂದರೆ ಈ ಕಾಯಿಲೆಯಿರುವ ಪ್ರದೇಶಕ್ಕೆ, ಅದಕ್ಕೆ ಸುಲಭವಾಗಿ ತುತ್ತಾಗುವ ಪ್ರಾಣಿಗಳನ್ನು ಹೊಸದಾಗಿ ಸೇರಿಸಿದಂತೆ. ಅದರ ಬೆಲೆಯನ್ನು ಅಲ್ಲಿನ ಜನರೂ ತೆರಬೇಕಾಗುತ್ತದೆ.

ಎರಡನೆಯದು ಸಿಂಗಳೀಕಕ್ಕೆ ಸಂಬಂಧಿಸಿದ್ದು.

ಸಿಂಗಳೀಕದ ಕಾಡು

ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು ಇರುವ ಸಿಂಗಳೀಕವು ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ. ಕಾಡಿನಲ್ಲಿ ಉಳಿದಿರುವ ಒಟ್ಟು ಸಂಖ್ಯೆ ಸುಮಾರು 4,000ಕ್ಕಿಂತ ಹೆಚ್ಚಿಲ್ಲವೆಂದು ಅಂದಾಜಿಸಲಾಗಿದ್ದು, ಇದು ಅಳಿವಿನಂಚಿನ ಪ್ರಭೇದವಾಗಿದೆ. ನೆಲಕ್ಕೆ ಇಳಿಯುವುದು ಕಡಿಮೆ. ಒಂದು ಮರದ ನೆತ್ತಿಯಿಂದ ಇನ್ನೊಂದಕ್ಕೆ ಸಾಗುತ್ತಲೇ ಬದುಕುತ್ತದೆ. ನಡುವೆ ರಸ್ತೆ ಅಥವಾ ತೋಟ ಬಂದು ಮರಗಳ ನೆತ್ತಿ ಬೇರ್ಪಟ್ಟರೆ ಗುಂಪು ಆ ತುಂಡು ಕಾಡಿನಲ್ಲಿಯೇ ಬಂದಿಯಾಗುತ್ತದೆ. ಮರಿ ಹಾಕುವುದೂ ನಿಧಾನ. ಒಂದು ಮರಿಗೂ ಮುಂದಿನದಕ್ಕೂ ಎರಡು-ಮೂರು ವರ್ಷಗಳ ಅಂತರವಿರುತ್ತದೆ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಈ ಪ್ರಾಣಿಗೆ ಬಹಳ ಕಾಲ ಬೇಕು.

ಇದರ ಉತ್ತರದ ತುದಿಯ ನೆಲೆ ಇರುವುದು ಉತ್ತರ ಕನ್ನಡ ಜಿಲ್ಲೆಯ ಶಿರಸಿ-ಹೊನ್ನಾವರ ಭಾಗದಲ್ಲಿ. ಅಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳು ಇರುವುದನ್ನು ಡಾ. ಎಚ್.ಎನ್. ಕುಮಾರ ಮತ್ತು ಪ್ರೊ. ಮೇವಾ ಸಿಂಗ್ ಅವರ ಸಮೀಕ್ಷೆಗಳು ಬೆಳಕಿಗೆ ತಂದ ನಂತರ, 2011ರಲ್ಲಿ ಸರ್ಕಾರವು ಸುಮಾರು 299 ಚದರ ಕಿ.ಮೀ. ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮುಂದೆ 2019ರಲ್ಲಿ ಇದನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ಹಾಗೂ ನಡುವಿನ ಮೀಸಲು ಅರಣ್ಯಗಳನ್ನೂ ಒಗ್ಗೂಡಿಸಿ, 930 ಚದರ ಕಿ.ಮೀ. ವಿಸ್ತೀರ್ಣದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಅಲ್ಲಿನ ಗ್ರಾಮಸ್ಥರು ಉಪ್ಪಾಗೆ ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಅವಲಂಬಿಸಿದವರು. ಒಂದೇ ಕಾಡಿನ ಫಲದಲ್ಲಿ ಸಿಂಗಳೀಕಕ್ಕೂ ಜನರಿಗೂ ಪಾಲು ಇರುವುದರಿಂದ ಅಲ್ಲಿ ಸಂರಕ್ಷಣೆಯೆಂಬುದು ಪ್ರತಿ ವರ್ಷವೂ ಹೊಸದಾಗಿ ಹೊಂದಿಸಿಕೊಳ್ಳಬೇಕಾದ ಲೆಕ್ಕವಾಗಿದೆ.

ಈಗ ಕುಕ್ಕುವಾಡದ ಅರ್ಜಿಗೆ ಬರೋಣ. ದಾವಣಗೆರೆಯಿಂದ ಹೊರಟ ಕೋತಿಗಳ ವಾಹನ ‘ದೊಡ್ಡ ಕಾಡು’ ಎಂದು ಹುಡುಕುತ್ತಾ ಹೋದರೆ ಅದು ತಲುಪುವುದು ಪಶ್ಚಿಮದ ಇಂತಹ ಕಾಡುಗಳನ್ನೇ. ಊರಿನ ಕೋತಿಯು ಯಾವ ಆಹಾರಕ್ಕಾದರೂ ಒಗ್ಗಿಕೊಳ್ಳುತ್ತದೆ. ಸಿಂಗಳೀಕಕ್ಕೆ ಆ ಸೌಲಭ್ಯವಿಲ್ಲ. ಅತ್ತಿ, ಹಲಸು ಇತ್ಯಾದಿ ಹಣ್ಣುಗಳಿಗೆ ಸ್ಪರ್ಧೆ ಏರ್ಪಡುತ್ತದೆ. ಊರಿನ ಜನರಿಂದ, ಜಾನುವಾರುಗಳಿಂದ ಬಂದ ಸೋಂಕುಗಳು ಕಾಡನ್ನು ಸೇರುವ ಸಂಭವವೂ ಇದೆ. ಅಪಾಯಕ್ಕೀಡಾಗಬಲ್ಲ ಒಂದು ಪ್ರಾಣಿಯನ್ನು ಅದರ ನೆಲೆಯಿಂದ ಕಿತ್ತು, ಅಳಿವಿನಂಚಿನಲ್ಲಿರುವ ಇನ್ನೊಂದರ ನೆಲೆಯಲ್ಲಿ ಸುರಿಯುವ ಈ ಕ್ರಮವನ್ನು ಸಂರಕ್ಷಣೆಯೆಂದು ಕರೆಯಲಾಗದು.

ಬೇರೆ ಮಾರ್ಗಗಳೂ ಚರ್ಚೆಗೆ ಬಂದಿವೆ. 2019ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗಗಳಿಗಾಗಿ ಪ್ರತ್ಯೇಕ ಉದ್ಯಾನವನ್ನು ನಿರ್ಮಿಸುವ ಪ್ರಸ್ತಾವ ಬಂದಾಗ, ತಮ್ಮ ಊರಿನ ಬಳಿ ಅದು ಬೇಡವೆಂದು ಸ್ಥಳೀಯರು ವಿರೋಧಿಸಿದ್ದರು. ಹಿಮಾಚಲ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿದೆ. ಆದರೆ ಅವು ವ್ಯಾಪಿಸುತ್ತಿರುವ ರೀಸಸ್ ಕೋತಿಗಳು. ಈಗಾಗಲೇ ಸಂಖ್ಯೆ ಇಳಿಯುತ್ತಿರುವ ನಮ್ಮ ಪ್ರಭೇದಕ್ಕೆ ಅದೇ ಕ್ರಮವನ್ನು ಅನ್ವಯಿಸುವ ಮೊದಲು ಬಹಳ ಯೋಚಿಸಬೇಕಾಗುತ್ತದೆ.

ಕಾನೂನಿನ ಸ್ಥಿತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಲ್ಲುವುದು ಎಂಬ ಅರ್ಥ ಮಾತ್ರವಿಲ್ಲ. ವಿಷವಿಕ್ಕುವುದು, ಬಲೆ ಅಥವಾ ಉರುಳು ಒಡ್ಡುವುದು, ಹಿಡಿಯುವುದು ಹಾಗೂ ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಆದುದರಿಂದ ಬೋನಿಟ್ಟು ಕೋತಿ ಹಿಡಿಯುವ ಖಾಸಗಿಯವರನ್ನು ಕರೆಸುವುದು, ಸದುದ್ದೇಶದಿಂದಲೇ ಆಗಿದ್ದರೂ, ಅನುಮತಿಯಿಲ್ಲದಿದ್ದಲ್ಲಿ ಅಪರಾಧವಾಗುತ್ತದೆ.

ಈ ಅಧಿನಿಯಮಕ್ಕೆ 2022ರಲ್ಲಿ ಮಾಡಲಾದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರನ್ವಯ ಹಿಂದೆ 2ನೆಯ ಅನುಸೂಚಿಯಲ್ಲಿದ್ದ ನಮ್ಮ ಕೋತಿ, ಸಿಂಗಳೀಕ ಹಾಗೂ ಕಾಡುಪಾಪಗಳಂತೆ 1ನೆಯ ಅನುಸೂಚಿಯಲ್ಲಿ ಸೇರಿದೆ. ಇದರ ಪರಿಣಾಮ ಮುಖ್ಯವಾದುದು. 1ನೆಯ ಅನುಸೂಚಿಯ ಪ್ರಾಣಿಯು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ, ಅಥವಾ ಗುಣವಾಗದಷ್ಟು ಅಂಗವಿಕಲ ಇಲ್ಲವೆ ರೋಗಪೀಡಿತವಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದಲ್ಲಿ ಮಾತ್ರ 11ನೆಯ ಪ್ರಕರಣದಡಿ ಲಿಖಿತ ಆದೇಶ ನೀಡಲು ಅವಕಾಶವಿದೆ. ಬೆಳೆ ಅಥವಾ ಆಸ್ತಿ ಹಾನಿ ಎಂಬ ಕಾರಣವು 2ನೆಯ ಅನುಸೂಚಿಯ ಪ್ರಾಣಿಗಳಿಗೆ ಅನ್ವಯಿಸುತ್ತದೆಯೇ ಹೊರತು 1ನೆಯದಕ್ಕಲ್ಲ. ವೈಜ್ಞಾನಿಕ ನಿರ್ವಹಣೆಗಾಗಿ ಸೂಕ್ತ ನೆಲೆಗೆ ಸ್ಥಳಾಂತರಿಸಲು 12ನೆಯ ಪ್ರಕರಣದಲ್ಲಿ ಅವಕಾಶವಿದ್ದರೂ 1ನೆಯ ಅನುಸೂಚಿಯ ಪ್ರಾಣಿಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಈ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ದಂಡವನ್ನು ವಿಧಿಸಬಹುದಾಗಿದೆ. ವಲಯ ಅರಣ್ಯಾಧಿಕಾರಿಗಳು ‘ನಮ್ಮ ಕೈಯಲ್ಲಿಲ್ಲ’ ಎಂದಾಗ ಅದನ್ನು ಜಾರಿಕೊಳ್ಳುವ ಮಾತೆಂದು ಭಾವಿಸಬಾರದಾಗಿ ಕೋರಿದೆ.

ಕಾನೂನನ್ನು ಬದಿಗಿಟ್ಟು ‘ಹೇಗಾದರೂ ತೊಲಗಲಿ’ ಎಂದು ಹೊರಟರೆ ಆಗುವುದೇನೆಂಬುದಕ್ಕೆ ಹಾಸನ ಜಿಲ್ಲೆಯ ಚೌಡನಹಳ್ಳಿಯ ಘಟನೆ ಸಾಕ್ಷಿ. 2021ರ ಜುಲೈ ಕೊನೆಯ ವಾರದಲ್ಲಿ ಅಲ್ಲಿನ ರಸ್ತೆ ಬದಿಯಲ್ಲಿ ಎಸೆದಿದ್ದ ಗೋಣಿಚೀಲಗಳನ್ನು ಸ್ಥಳೀಯ ಯುವಕರು ಬಿಚ್ಚಿ ನೋಡಿದಾಗ 38 ಕೋತಿಗಳು ಸತ್ತಿದ್ದವು. ಕೆಲವು ಇನ್ನೂ ಉಸಿರಾಡುತ್ತಿದ್ದವು. ಅವುಗಳಿಗೆ ನೀರು ಕೊಟ್ಟು ಬದುಕಿಸಲು ಆ ಯುವಕರು ಯತ್ನಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯವು ಈ ಬಗ್ಗೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಕೋತಿಯೊಂದು ಸತ್ತರೆ ಭಜನೆ ಮಾಡಿ ಮಣ್ಣು ಮಾಡುವ, ಆ ಜಾಗದಲ್ಲಿ ಗುಡಿ ಕಟ್ಟುವ ಸಂಪ್ರದಾಯ ನಮ್ಮ ಅನೇಕ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದೇ ನಾಡಿನಲ್ಲಿ ಇದೂ ನಡೆಯಿತು.

ಅರ್ಜಿ ಸಲ್ಲಿಸುವ ಬಗ್ಗೆ

ತೊಂದರೆಯಿರುವ ಸಾರ್ವಜನಿಕರು ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಸಲ್ಲಿಸಬಹುದು. ‘ಕೋತಿಗಳ ಕಾಟ ವಿಪರೀತವಾಗಿದೆ, ಹಿಡಿಸಿಕೊಡಿ’ ಎಂಬ ಒಂದೇ ಸಾಲಿನ ಅರ್ಜಿಯಿಂದ ಅಧಿಕಾರಿಗಳಿಗೆ ಏನೂ ತಿಳಿಯುವುದಿಲ್ಲ. ಕೋತಿಯೋ ಮುಸುವವೋ, ಗುಂಪಿನಲ್ಲಿ ಸುಮಾರು ಎಷ್ಟಿವೆ, ಮರಿಗಳಿವೆಯೇ, ದಿನದ ಯಾವ ಹೊತ್ತಿನಲ್ಲಿ ಎಲ್ಲಿಂದ ಬರುತ್ತವೆ, ರಾತ್ರಿ ಎಲ್ಲಿ ತಂಗುತ್ತವೆ, ಯಾವ ಬೆಳೆಗೆ ಯಾವ ತಿಂಗಳಲ್ಲಿ ಹಾನಿ, ಯಾರಿಗಾದರೂ ಕಚ್ಚಿದೆಯೇ, ಊರಿನಲ್ಲಿ ಆಹಾರ ಹಾಕುವ ಸ್ಥಳಗಳು ಯಾವುವು, ಇತ್ತೀಚೆಗೆ ಸಮೀಪದಲ್ಲಿ ಮರಗಳನ್ನು ಕಡಿಯಲಾಗಿದೆಯೇ — ಇವನ್ನು ಬರೆದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ. ಒಬ್ಬೊಬ್ಬರೇ ಬರೆಯುವುದಕ್ಕಿಂತ ಗ್ರಾಮಸಭೆಯಲ್ಲಿ ವಿಷಯವಿಟ್ಟು ಗ್ರಾಮ ಪಂಚಾಯಿತಿಯ ನಿರ್ಣಯದೊಂದಿಗೆ ಸಲ್ಲಿಸುವುದು ಉತ್ತಮ. ಕೋತಿ ಒಂದು ಮನೆಯದಲ್ಲ, ಇಡೀ ಊರಿನ ವಿಷಯ.

ಗುಂಪಿನಲ್ಲಿ ಒಂದೇ ಒಂದು ಗಂಡುಕೋತಿ ಪದೇ ಪದೇ ಜನರ ಮೇಲೆ ಎರಗುತ್ತಿದ್ದಲ್ಲಿ ಅದನ್ನು ಪ್ರತ್ಯೇಕವಾಗಿ ತಿಳಿಸಬೇಕು. ಕಚ್ಚಿಸಿಕೊಂಡವರ ಆಸ್ಪತ್ರೆ ಚೀಟಿಯ ನಕಲನ್ನು ಲಗತ್ತಿಸಬೇಕು. ಇಂತಹ ಪ್ರಾಣಿಯ ಬಗ್ಗೆ ಮೇಲಧಿಕಾರಿಗಳಿಗೆ ವರದಿ ಕಳುಹಿಸಿ ಆದೇಶ ಪಡೆಯಲು ಅಂತಹ ದಾಖಲೆಯೇ ಆಧಾರ. ಕೋತಿ ಕಚ್ಚಿದಲ್ಲಿ ಗಾಯವನ್ನು ಕೂಡಲೇ ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಅರಿಶಿನ, ಸುಣ್ಣ ಹಚ್ಚಿ ಸುಮ್ಮನಾಗಬಾರದು.

ತೋಟ ಮತ್ತು ಮನೆಯ ರಕ್ಷಣೆ

ಕಾವಲಿಗೆ ಸಮನಾದ ಉಪಾಯ ಇನ್ನೂ ಬಂದಿಲ್ಲ. ಫಸಲು ಬಲಿಯುವ ವಾರಗಳಲ್ಲಿ ಅಕ್ಕಪಕ್ಕದ ಜಮೀನಿನವರು ಸರದಿಯಂತೆ, ವಿಶೇಷವಾಗಿ ಬೆಳಗಿನ ಹೊತ್ತು ಹಾಗೂ ಇಳಿಹೊತ್ತಿನಲ್ಲಿ ಕಾಯುವುದು ಫಲ ನೀಡುತ್ತದೆ. ಬೆದರುಬೊಂಬೆ, ಹೊಳೆಯುವ ಪಟ್ಟಿ, ಧ್ವನಿವರ್ಧಕ ಇತ್ಯಾದಿಗಳಿಗೆ ಕೋತಿ ಕೆಲವೇ ದಿನಗಳಲ್ಲಿ ಒಗ್ಗುತ್ತದೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಹುಲಿಬೊಂಬೆಯ ಬಣ್ಣ ಮಾಸಿದ್ದರಿಂದ ತಮ್ಮ ನಾಯಿಗೇ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಉಪಾಯ ರಂಜಕವಾದರೂ ಅದರ ಹಿಂದಿನ ಕಷ್ಟ ರಂಜಕವಲ್ಲ. ಆನೆ, ಕಾಡುಹಂದಿ ಮೊದಲಾದ ವನ್ಯಪ್ರಾಣಿಗಳಿಂದ ಆದ ಬೆಳೆ ಹಾನಿಗೆ ದಯಾತ್ಮಕ ಧನ ಕೋರಿ ಸಲ್ಲಿಸುವ ಅರ್ಜಿಗಳನ್ನು ಇಲಾಖೆಯ ಇ-ಪರಿಹಾರ ವ್ಯವಸ್ಥೆಯ ಮೂಲಕ ನಿರ್ವಹಿಸಲಾಗುತ್ತದೆ. ಹಾನಿ ಯಾವ ಪ್ರಾಣಿಯಿಂದ ಆಯಿತೆಂಬುದನ್ನು ಊಹಿಸಿ ಬರೆಯದೆ, ಹೆಜ್ಜೆ ಗುರುತು ಹಾಗೂ ತಿಂದ ಬಗೆಯ ಛಾಯಾಚಿತ್ರಗಳೊಂದಿಗೆ ತಡಮಾಡದೆ ತಿಳಿಸತಕ್ಕದ್ದು.

ಊರಿನೊಳಗೆ ಕಸದ ತೊಟ್ಟಿ ಮುಚ್ಚಿಡುವುದು, ಮದುವೆ-ಜಾತ್ರೆಗಳ ಎಂಜಲನ್ನು ಬಯಲಿಗೆ ಸುರಿಯದಿರುವುದು, ಛಾವಣಿಗೆ ತಾಗುವ ಕೊಂಬೆಗಳನ್ನು ಸವರುವುದು, ನೀರಿನ ತೊಟ್ಟಿಗೆ ಭದ್ರವಾದ ಮುಚ್ಚಳ ಹಾಕುವುದು ಇಷ್ಟರಿಂದಲೇ ಬಹಳಷ್ಟು ವ್ಯತ್ಯಾಸವಾಗುತ್ತದೆ. ಆದರೆ ಇಡೀ ಬೀದಿ ಒಪ್ಪಬೇಕು. ಹತ್ತು ಮನೆಯವರು ಮುಚ್ಚಿ ಒಬ್ಬರು ಹಾಕಿದರೆ ಪ್ರಯೋಜನವಿಲ್ಲ.

ಮರ ಕಡಿಯಲು ಅನುಮತಿ ಕೋರುವವರಿಗೆ

ಕೋತಿ ಹಿಡಿಸಲು ಬರುವ ಅರ್ಜಿ ಮತ್ತು ಮರ ಕಡಿಯಲು ಬರುವ ಅರ್ಜಿ ಒಂದೇ ಇಲಾಖೆಗೆ ಬರುತ್ತವೆ. ಕೆಲವೊಮ್ಮೆ ಒಂದೇ ಊರಿನಿಂದ ಬರುತ್ತವೆ. ಎರಡಕ್ಕೂ ಇರುವ ಸಂಬಂಧವನ್ನು ಮೇಲೆ ವಿವರಿಸಲಾಗಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಮರ ಕಡಿಯಲು ವೃಕ್ಷಾಧಿಕಾರಿಯವರ ಅನುಮತಿ ಅಗತ್ಯವಿದ್ದು, ಅರ್ಜಿ ಬರೆಯುವ ಮುನ್ನ ಆ ಮರ ಆಲ, ಅರಳಿ, ಅತ್ತಿ, ಬಸರಿ ಜಾತಿಯದೇ ಎಂದು ನೋಡಿ, ಕೊಂಬೆ ಸವರಿದರೆ ಸಾಕೇ ಎಂದು ಯೋಚಿಸುವುದು ಒಳಿತು. ನೂರು ವರ್ಷದ ಆಲಕ್ಕೆ ಬದಲಾಗಿ ನೆಟ್ಟ ಹತ್ತು ಸಸಿಗಳು ಹಣ್ಣು ಬಿಡಲು ವರ್ಷಗಳೇ ಬೇಕು. ಕೋತಿಗೆ ನಾಳೆ ಬೆಳಿಗ್ಗೆಯೇ ಹಸಿವಾಗುತ್ತದೆ.

ಕೆರೆ ಅಂಗಳದ ಮೇಲ್ಭಾಗ, ಗೋಮಾಳ, ಕಾಲುವೆ ಬದಿ, ಶಾಲೆ ಹಾಗೂ ದೇವಸ್ಥಾನದ ಹಿಂಭಾಗಗಳಲ್ಲಿ ಹಣ್ಣಿನ ಕಾಡುಮರಗಳ ತೋಪು ಬೆಳೆಸಲು ಇಚ್ಛಿಸುವ ಗ್ರಾಮ ಪಂಚಾಯಿತಿಗಳು ಸಸಿಗಳಿಗಾಗಿ ಇಲಾಖೆಯ ಸಸ್ಯಕ್ಷೇತ್ರಗಳನ್ನು ಮಳೆಗಾಲಕ್ಕೆ ಮುಂಚಿತವಾಗಿಯೇ ಸಂಪರ್ಕಿಸಬಹುದು. ಸಸಿಗಳನ್ನು ವಾಸದ ಮನೆಗಳಿಂದಲೂ ತೋಟಗಳಿಂದಲೂ ಆದಷ್ಟು ದೂರದಲ್ಲಿ ನೆಡುವುದು ಮುಖ್ಯ. ತಮ್ಮ ಸ್ವಂತ ಜಮೀನಿನಲ್ಲಿ ಮರ ಬೆಳೆಸುವ ರೈತರಿಗಾಗಿ 2011-12ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಲಾಗಿದ್ದು, ಬದುಕುಳಿದ ಗಿಡಗಳ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹಧನ ನೀಡುವುದು ಅದರ ಕ್ರಮವಾಗಿದೆ.

ಗಾಯಗೊಂಡ ಅಥವಾ ಸತ್ತ ಕೋತಿ ಕಂಡಲ್ಲಿ

ವಿದ್ಯುತ್ ತಂತಿ ತಗುಲಿ ಬಿದ್ದ ಕೋತಿಯನ್ನು ಬರಿಗೈಯಿಂದ ಮುಟ್ಟಬಾರದು. ದಾವಣಗೆರೆ ಜಿಲ್ಲೆಯಲ್ಲಿ ತಂತಿಯ ಬಗ್ಗೆ ಬೆಸ್ಕಾಂ ಸಹಾಯವಾಣಿ 1912ಕ್ಕೂ, ಪ್ರಾಣಿಯ ಬಗ್ಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು. ಕಾಡಿನಲ್ಲಿ ಅಥವಾ ಕಾಡಂಚಿನಲ್ಲಿ ಕಾರಣ ತಿಳಿಯದೆ ಸತ್ತ ಕೋತಿ ಅಥವಾ ಮುಸುವ ಕಂಡುಬಂದಲ್ಲಿ ಹತ್ತಿರ ಹೋಗದೆ, ಜಾನುವಾರುಗಳನ್ನೂ ಬಿಡದೆ, ಕೂಡಲೇ ಆರೋಗ್ಯ ಸಿಬ್ಬಂದಿಗೂ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಸತ್ತ ತಾಯಿಯನ್ನು ಅಪ್ಪಿಕೊಂಡಿರುವ ಮರಿಯನ್ನು ಕನಿಕರದಿಂದ ಮನೆಗೆ ಕೊಂಡೊಯ್ದು ಸಾಕುವುದು ಅಪರಾಧವಾಗುತ್ತದೆ. ಗುಂಪು ಅನೇಕ ವೇಳೆ ಹತ್ತಿರದಲ್ಲಿಯೇ ಕಾದಿರುತ್ತದೆ. ಜನರನ್ನು ದೂರ ಸರಿಸಿ, ನಾಯಿಗಳು ಬರದಂತೆ ನೋಡಿಕೊಂಡು, ಸಿಬ್ಬಂದಿ ಬರುವವರೆಗೆ ಮರಿಯನ್ನು ಅಲ್ಲಿಯೇ ಇರಗೊಡಬೇಕು.